ಪುರಸೊತ್ತಿನ ಎಣ್ಣೆ

ಆ ಮನೆಯಲ್ಲಿ ಅಡುಗೆಯ ಎಣ್ಣೆ ಅತ್ತೆಯದು, ಹೊಲಿಗೆ ಯಂತ್ರದ ಎಣ್ಣೆ ಸೊಸೆಯದು, ಕಾರಿನ ಎಣ್ಣೆ ಮಾವನದು. ಒಬ್ಬರ ಎಣ್ಣೆಗೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ. ಗಂಡ ಎನ್ನುವವನೂ ಒಬ್ಬನಿದ್ದ. ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವವನಾದ್ದರಿಂದ ಅವನ ಪಾಲಿಗೆ ಯಾವ ಎಣ್ಣೆಯೂ ಬಂದಿರಲಿಲ್ಲ. ಯಾರಾದರೂ ನ್ಯಾಯ ಕೇಳಿಕೊಂಡು ಹೋದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒಂದು ಅಂದು ಮಗ್ಗುಲು ಬದಲಿಸುತ್ತಿದ್ದ.

ಮಾವ ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಬಸ್ಸು ಬಂದದ್ದನ್ನು ನೋಡಿ ದಾರಿಯ ಅಂಗಡಿಯವರು ಗಡಿಯಾರ ತಿದ್ದಿಕೊಳ್ಳುತ್ತಿದ್ದರಂತೆ. ಇದನ್ನು ಹೇಳುತ್ತಿದ್ದವರು ಮಾವನೇ, ಆದರೆ ಅತ್ತೆ ಅಲ್ಲಗಳೆಯುತ್ತಿರಲಿಲ್ಲ. ಅತ್ತೆ ಅಲ್ಲಗಳೆಯದ ಮಾತೆಂದರೆ ನಿಜವೇ ಇರಬೇಕು. ನಿವೃತ್ತಿಯಾದಾಗ ಅವರೊಂದು ಸಣ್ಣ ಪೆಟ್ರೋಲ್ ಕಾರು ಕೊಂಡರು. ಕೆಲವು ತಿಂಗಳು ಓಡಿಸಿಯೂ ನೋಡಿದರು. ಬಸ್ಸಿನ ಸ್ಟೇರಿಂಗ್ ಹಿಡಿದ ಕೈಗೆ ಇದು ಊಟದ ತಟ್ಟೆ ಹಿಡಿದ ಹಾಗಾಯಿತು. ಹಿಂದೆ ತಿರುಗಿ ಗದರೋಣವೆಂದರೆ ಪ್ರಯಾಣಿಕರಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಕೂತರಂತೂ ಗದರುವ ಕೆಲಸ ಅವರ ಪಾಲಾಗುತ್ತಿತ್ತು. ಕೊನೆಗೆ ಬೇಸತ್ತು ಕೀಲಿಯನ್ನು ಸೊಸೆಯ ಕೈಗೆ ಹಾಕಿದರು. ಹಾಕುವಾಗ ಒಂದೇ ಒಂದು ಷರತ್ತು: ಓಡಿಸುವವಳು ನೀನು, ಎಣ್ಣೆಯ ಉಸಾಬರಿ ನನ್ನದು.

ಸೊಸೆ ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಕಾರು ಸಿಗುವ ಮುಂಚೆ ಅವಳ ಪಾಡು ನೋಡುವ ಹಾಗಿರಲಿಲ್ಲ. ಒಂದು ಹೆಗಲಿಗೆ ಸ್ಪ್ಯಾನರು, ಸ್ಕ್ರೂಡ್ರೈವರುಗಳ ಚೀಲ, ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಯಂತ್ರದ ತಲೆ. ಬಸ್ಸಿನಲ್ಲಿ ಪಕ್ಕದವರು ಮಗುವಿಗೆ ಎಷ್ಟು ತಿಂಗಳು ಎಂದು ಕೇಳಿ, ಟವೆಲು ಸರಿಸಿ ನೋಡಿ ಬೆಚ್ಚಿಬೀಳುತ್ತಿದ್ದರು. ಬಸ್ಸು ಹೋಗದ ಬೀದಿಯ ಗಿರಾಕಿಗಳು ಅವಳಿಗೆ ಗಿರಾಕಿಗಳೇ ಆಗಿರಲಿಲ್ಲ. ಕಾರು ಬಂದ ಮೇಲೆ ಊರಾಚೆಯ ಬಡಾವಣೆ, ಗುಡ್ಡದ ಮೇಲಿನ ಹಾಸ್ಟೆಲು, ದೊಡ್ಡ ಆಸ್ಪತ್ರೆಯ ಬಟ್ಟೆ ವಿಭಾಗ, ಎಲ್ಲ ಅವಳ ಕೈಗೆ ಎಟುಕಿದವು. ಡಿಕ್ಕಿಯಲ್ಲಿ ಯಂತ್ರ, ಪಕ್ಕದ ಸೀಟಿನಲ್ಲಿ ಬಾಬಿನ್‌ಗಳ ಡಬ್ಬಿ, ಕಿಟಕಿಯಲ್ಲಿ ಗಾಳಿ. ಕೆಲಸಕ್ಕೆ ಹೋಗುತ್ತಿದ್ದೇನೋ ತಿರುಗಾಟಕ್ಕೋ ಎಂದು ಅವಳಿಗೇ ಅನುಮಾನ ಬರುವಷ್ಟು ಖುಷಿ.

ಚಳಿಗಾಲ ಶುರುವಾಗಿದ್ದೇ ತಡ, ಶಬ್ದವೂ ಶುರುವಾಯಿತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸಾಕು, ತಗಡಿನ ಡಬ್ಬಿಗೆ ಒಂದು ಹಿಡಿ ಗುಂಡಿ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ. ನಾಲ್ಕಾರು ಉಸಿರು ಎಳೆದು ಬಿಡುವಷ್ಟು ಹೊತ್ತು ಅದರ ಗಲಾಟೆ, ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಸುಮ್ಮನಾಗುತ್ತಿತ್ತು. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಮಾವ ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಬಂದು ಬಾನೆಟ್ಟಿನ ಎದುರು ನಿಲ್ಲುತ್ತಿದ್ದರು.

ಅವರ ಪ್ರಕಾರ ಕಾರಣ ಒಂದೇ. ಎಣ್ಣೆ ತೆಳುವಾಗಿದೆ, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ. ಹೊದಿಕೆ ದಪ್ಪವಿದ್ದಷ್ಟೂ ಚಳಿ ಕಡಿಮೆ, ಎಣ್ಣೆ ದಪ್ಪವಿದ್ದಷ್ಟೂ ಸವೆತ ಕಡಿಮೆ. ಬಸ್ಸಿಗೆ ಅವರು ಹಾಕಿಸುತ್ತಿದ್ದುದು ಅಂಥ ದಪ್ಪ ಎಣ್ಣೆಯನ್ನೇ, ಅವರು ಇಳಿಯುವ ದಿನದವರೆಗೂ ಅದರ ಇಂಜಿನ್ ಬಿಚ್ಚಿದ್ದಿಲ್ಲ. ಹೀಗೆಂದು ಕಾರಿನ ಹಳೆಯ ಎಣ್ಣೆ ಇಳಿಸಿ, ಅದಕ್ಕಿಂತ ದಪ್ಪನೆಯದನ್ನು ತಂದು ಹಾಕಿದರು. ಕಟಕಟ ಹೆಚ್ಚಾಯಿತು. ಓಹೋ, ಇದೂ ಸಾಲದು ಎಂದು ಲಾರಿಗೆ ಹಾಕುವ ಎಣ್ಣೆಯನ್ನೇ ತಂದರು. ಕಟಕಟ ಇನ್ನೂ ಹೆಚ್ಚಾಯಿತು. ರೋಗ ಹೆಚ್ಚಿದಷ್ಟೂ ಅದೇ ಮದ್ದನ್ನು ಹೆಚ್ಚು ಕುಡಿಸುವ ವೈದ್ಯರಾದರು ಮಾವ. ಹೀಗೇ ಹೋದರೆ ಇನ್ನು ಸ್ವಲ್ಪ ದಿನಕ್ಕೆ ಎಣ್ಣೆಯನ್ನು ಚಾಕುವಿನಿಂದ ಕೊಯ್ದು ಹಾಕಬೇಕಾಗುತ್ತದೆ ಎಂದು ಅತ್ತೆ ಅಂದರು. ಮಾವನಿಗೆ ಅದು ಕೇಳಿಸಲಿಲ್ಲ. ಕೇಳಿಸಬಾರದ್ದು ಕೇಳಿಸದಿರುವ ವಯಸ್ಸು ಅವರಿಗೆ ಆಗಿತ್ತು.

ತಮಾಷೆ ಅಲ್ಲಿಗೇ ನಿಂತಿದ್ದರೆ ಸೊಸೆಯೂ ನಕ್ಕು ಸುಮ್ಮನಿರುತ್ತಿದ್ದಳು. ಆದರೆ ಮಾವ ಎಣ್ಣೆಯ ಮೇಲಿನ ನಂಬಿಕೆ ಬಿಡುವ ಬದಲು ಕಾರಿನ ಮೇಲಿನ ನಂಬಿಕೆ ಬಿಟ್ಟರು. ಇದು ತಗಡಿನ ಡಬ್ಬ, ಇದರ ಹಣೆಬರಹ ಇಷ್ಟೇ, ಪೂರ್ತಿ ಕೆಡುವ ಮುಂಚೆ ಸಾಗಹಾಕುವುದೇ ಮೇಲು ಎಂದು ತೀರ್ಮಾನಿಸಿ, ಹಳೆ ಗಾಡಿಗಳ ಬ್ರೋಕರಿಗೆ ಹೇಳಿಯೂ ಬಂದರು. ಅವನು ಭಾನುವಾರ ಬಂದು ನೋಡುವುದೆಂದಾಯಿತು.

ಸೊಸೆಗೆ ಆ ರಾತ್ರಿ ಹಳೆಯ ದಿನಗಳೇ ಕಣ್ಣೆದುರು ಬಂದವು. ಕಾರು ಹೋದರೆ ಮತ್ತೆ ಅದೇ ಚೀಲ, ಅದೇ ಟವೆಲು. ಗುಡ್ಡದ ಹಾಸ್ಟೆಲಿಗೆ ನಮಸ್ಕಾರ, ಆಸ್ಪತ್ರೆಗೆ ನಮಸ್ಕಾರ.

ಮರುದಿನ ಕೆಲಸ ಮುಗಿಸಿ ಬರುವಾಗ ಅವಳು ಕಾರನ್ನು ಕಿವಿ ಮೇಸ್ತ್ರಿಯ ಗ್ಯಾರೇಜಿಗೆ ತಿರುಗಿಸಿದಳು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುವುದರಿಂದ ಅವನಿಗೆ ಆ ಹೆಸರು. ಒಂದು ಕಾಲದಲ್ಲಿ ಡಿಪೋದಲ್ಲಿ ಮಾವನ ಬಸ್ಸಿನ ಟೈರುಗಳಿಗೆ ಗಾಳಿ ತುಂಬುತ್ತಿದ್ದವನು. ಅಲ್ಲಿ ಯಾವಾಗಲೋ ಇಂಜಿನ್ನಿನ ವಿಷಯದಲ್ಲಿ ಒಂದು ಸಲಹೆ ಕೊಡಲು ಹೋಗಿದ್ದಕ್ಕೆ, ಗಾಳಿ ಟೈರಿಗೆ ಹಾಕು, ಬಾಯಿಗೆ ಬೇಡ ಎಂದು ಮಾವ ಹತ್ತು ಜನರ ಎದುರು ಅಂದುಬಿಟ್ಟಿದ್ದರು. ಅಂದಿನಿಂದ ಇಬ್ಬರದ್ದೂ ಎಣ್ಣೆ ಸೀಗೆಕಾಯಿ ಸಂಬಂಧ.

ಮೇಸ್ತ್ರಿ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಎತ್ತಿ ಹಿಡಿದ. ಅದರ ತುದಿಯಲ್ಲಿ ಒಂದು ಹನಿ ಮೂಡಿ, ಬೀಳಲೋ ಬೇಡವೋ ಎಂದು ಯೋಚನೆ ಮಾಡುತ್ತ ನಿಂತಿತು. ಅವನು ಅದನ್ನೇ ನೋಡುತ್ತ, ಗಾಡಿಯಲ್ಲಿ ದೋಷವಿಲ್ಲ, ಊಟದಲ್ಲಿ ದೋಷ ಎಂದ. ಬಿಡಿಸಿಯೂ ಹೇಳಿದ. ರಾತ್ರಿಯೆಲ್ಲ ಎಣ್ಣೆ ಇಳಿದು ತಳದ ತೊಟ್ಟಿಯಲ್ಲಿ ಕೂತಿರುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದ ತಕ್ಷಣ ಅದು ಇಂಜಿನ್ನಿನ ನೆತ್ತಿಯವರೆಗೆ ಏರಬೇಕು. ಚಳಿಯಲ್ಲಿ ದಪ್ಪ ಎಣ್ಣೆ ಮೆಟ್ಟಿಲು ಹತ್ತುವ ಮುದುಕನ ಹಾಗೆ, ಎರಡು ಮೆಟ್ಟಿಲಿಗೊಮ್ಮೆ ಸೊಂಟ ಹಿಡಿದು ನಿಲ್ಲುತ್ತದೆ. ಅದು ಬರುವ ತನಕ ಮೇಲಿನ ಭಾಗಗಳು ಒಣಗಿಕೊಂಡೇ ಬಡಿದಾಡುತ್ತವೆ, ಸವೆತವೆಲ್ಲ ಆಗುವುದು ಆ ಗಳಿಗೆಯಲ್ಲೇ. ಅದೂ ಅಲ್ಲದೆ ಈ ಸಣ್ಣ ಇಂಜಿನ್ನಿನಲ್ಲಿ ಎಣ್ಣೆ ಹರಿಯುವ ದಾರಿಗಳು ಸೂಜಿಯ ಕಣ್ಣಿನಷ್ಟಿರುತ್ತವೆ. ಸೂಜಿಯ ಕಣ್ಣು ಅಂದ ಮೇಲೆ ಅವಳಿಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ಒರೆಸಿ ತೋರಿಸಿದ. ಅದರ ಮೇಲೆಯೇ ಎರಡು ಅಂಕಿಗಳು ಅಚ್ಚಾಗಿದ್ದವು, ಐದು ಮತ್ತು ಮೂವತ್ತು. ಮೊದಲಿನದು ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ, ಅದು ಸಣ್ಣದಿದ್ದಷ್ಟೂ ಚುರುಕು. ಎರಡನೆಯದು ಕಾದ ಮೇಲೆ ಎಷ್ಟು ಮಂದ ಉಳಿಯುತ್ತದೆ ಅನ್ನುವುದಕ್ಕೆ. ಮಾವ ಹಾಕಿದ್ದು ಇಪ್ಪತ್ತು, ಐವತ್ತು.

ಈಗಲೇ ಬದಲಾಯಿಸಿ ಕೊಡುತ್ತೇನೆ, ಇನ್ನೂ ಏನೂ ಹಾಳಾಗಿಲ್ಲ ಎಂದು ಮೇಸ್ತ್ರಿ ತೋಳೇರಿಸಿದ. ಸೊಸೆ ಬೇಡವೆಂದಳು. ಕೊಟ್ಟ ಮಾತು ಮುರಿದಂತಾಗುತ್ತದೆ ಅನ್ನುವುದು ಒಂದು. ಇನ್ನೊಂದು, ಗುಟ್ಟಾಗಿ ಹಾಕಿಸಿದರೆ ಶಬ್ದವೇನೋ ನಿಲ್ಲುತ್ತದೆ, ಹೆಸರು ಮಾತ್ರ ಮಾವನ ಎಣ್ಣೆಗೆ ಹೋಗುತ್ತದೆ. ಮುಂದಿನ ಚಳಿಗಾಲಕ್ಕೆ ಮತ್ತೆ ಲಾರಿಯ ಡಬ್ಬ ಮನೆಗೆ ಬರುತ್ತದೆ.

ಊಟಕ್ಕೆ ಕೂತಾಗ ಅವಳು ಮೆತ್ತಗೆ ಮುಚ್ಚಳದ ಮೇಲಿನ ಅಂಕಿಯ ಮಾತೆತ್ತಿದಳು. ಮೇಸ್ತ್ರಿಯ ಹೆಸರನ್ನು ಮಾತ್ರ ನುಂಗಿಕೊಂಡಳು.

"ಅದನ್ನ ಬರೆದೋರು ಯಾರು, ಗಾಡಿ ಮಾರೋರು ತಾನೇ" ಎಂದರು ಮಾವ. "ಬೇಗ ಸವೆದ್ರೆ ಇನ್ನೊಂದು ಮಾರಬಹುದು ಅಂತ ಬರೆದಿರ್ತಾರೆ. ಅಷ್ಟೂ ಗೊತ್ತಾಗಲ್ವೇನಮ್ಮಾ ನಿಂಗೆ."

ಅವರ ಗುಮಾನಿ ಅಲ್ಲಿಂದ ಎಣ್ಣೆ ಬಿಟ್ಟು ಅವಳ ಕಡೆಗೇ ತಿರುಗಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಿಗೆ ನಾಲ್ಕನೆಯ ಕಾಲು ಕಂಡರೆ, ಅದನ್ನು ಇಟ್ಟವರು ಯಾರು ಎಂದು ಹುಡುಕುತ್ತಾರೆ. ಕೀಲಿ ತಿರುಗಿಸುವುದು, ಎದ್ದೆನೋ ಬಿದ್ದೆನೋ ಎಂದು ಓಡುವುದು, ಹಾಗೆ ಓಡಿಸಿದರೆ ಯಾವ ಇಂಜಿನ್ ತಾನೇ ಬಾಳುತ್ತದೆ ಎಂದು ಗೊಣಗಿದರು. ನಾಳೆ ದಿನವಿಡೀ ಜೊತೆಗೆ ಬಂದು ಕಣ್ಣಾರೆ ನೋಡುವುದಾಗಿಯೂ ಸಾರಿದರು. ನಾಳೆ ಆಸ್ಪತ್ರೆಯ ಕೆಲಸವಿತ್ತು. ತಟ್ಟೆ ಎತ್ತುವ ನೆಪದಲ್ಲಿ ಅತ್ತೆ ಅವಳ ಪಕ್ಕ ಬಂದು ಬಗ್ಗಿದರು.

"ಎಣ್ಣೆ ಬಂದಾಗ ಕಣ್ಣು ಮುಚ್ಕೋಬೇಡ ಕಣೇ. ಕರ್ಕೊಂಡು ಹೋಗು."

ಮರುದಿನ ಬೆಳಿಗ್ಗೆ ಮಾವ ಸ್ವೆಟರು, ಮಫ್ಲರು, ಪಾಲಿಶ್ ಮಾಡಿದ ಶೂಗಳಲ್ಲಿ ತನಿಖೆಗೆ ಬಂದ ಅಧಿಕಾರಿಯಂತೆ ಪಕ್ಕದ ಸೀಟಿನಲ್ಲಿ ಕೂತರು. ಬಾಬಿನ್ ಡಬ್ಬಿ ಹಿಂದಕ್ಕೆ ಹೋಯಿತು. ಸೊಸೆ ಕೀಲಿ ತಿರುಗಿಸಿದಳು, ಕಟಕಟ ಶುರುವಾಯಿತು, ಅವಳು ಗೇರಿಗೆ ಕೈ ಹಾಕಿದಳು. ಅವಳ ಕೈಯ ಮೇಲೆ ಮಾವನ ಕೈ ಬಂತು.

ಕಾಯಬೇಕು ಎಂದರು. ಶಾಖ ತೋರಿಸುವ ಮುಳ್ಳು ಮೇಲಕ್ಕೆ ಏಳುವ ತನಕ ಗಾಡಿ ಅಲ್ಲಾಡಕೂಡದು. ಡಿಪೋದಲ್ಲಿ ಬೆಳಿಗ್ಗೆ ಬಸ್ಸು ಸ್ಟಾರ್ಟ್ ಮಾಡಿಟ್ಟು, ಟೀ ಕುಡಿದು, ಕಂಡಕ್ಟರನಿಗೆ ಎರಡು ಬೈದು, ಸಹಿ ಹಾಕಿ ಬರುವ ಹೊತ್ತಿಗೆ ಇಂಜಿನ್ ಹದವಾಗಿರುತ್ತಿತ್ತಂತೆ. ಇಬ್ಬರೂ ಮನೆಯ ಮುಂದೆಯೇ ಗಾಡಿಯೊಳಗೆ ಕೂತು ಮುಳ್ಳನ್ನು ನೋಡಿದರು. ಎದುರು ಮನೆಯಾತ ಹೊರಗೆ ಬಂದು, ನೂಕಬೇಕೇ ಎಂದು ಕೇಳಿ ಹೋದ. ಅತ್ತೆ ಬಾಗಿಲಲ್ಲಿ ನಿಂತು, ಇನ್ನೂ ಇಲ್ಲೇ ಇದ್ದರೆ ಮಧ್ಯಾಹ್ನದ ಊಟಕ್ಕೆ ಅಕ್ಕಿ ಹಾಕಲೇ ಎಂದರು. ಅಂತೂ ಮುಳ್ಳು ಎದ್ದಿತು.

ಮೊದಲ ಮನೆ ಇಬ್ಬರು ಅಕ್ಕತಂಗಿಯರದು. ಸೂಜಿ ತಿರುವುಮುರುವಾಗಿ ಹಾಕಿಕೊಂಡು ದಾರ ತುಂಡಾಗುತ್ತದೆ ಎಂದು ಒಬ್ಬರನ್ನೊಬ್ಬರು ದೂರುತ್ತ ಕೂತಿದ್ದರು. ಸೊಸೆ ಸೂಜಿ ತಿರುಗಿಸಿ ಹಾಕಿ, ಶಟಲ್ ಬಿಚ್ಚಿ ನೂಲಿನ ಕಸ ತೆಗೆದು, ಇಬ್ಬರದ್ದೂ ತಪ್ಪಿಲ್ಲ ಎಂದು ಹೇಳಿ ಎದ್ದಳು. ಹೊರಗೆ ಬಂದರೆ ಅಷ್ಟರಲ್ಲಿ ಚಳಿಗೆ ಇಂಜಿನ್ ಆರಿತ್ತು. ಮತ್ತೆ ಕೀಲಿ, ಮತ್ತೆ ಕಟಕಟ, ಮತ್ತೆ ಮಾವನ ಕೈ. ಅಲ್ಲಿಂದ ಮುಂದಿನ ಮನೆಯೂ ಹಾಗೆಯೇ. ಬೆಳಗಿನ ಕೆಲಸವೆಲ್ಲ ಕೂತರೆ ಏಳು, ಎದ್ದರೆ ಕೂರು ಎಂಬಂತಾಯಿತು. ಅವಳು ಮುಳ್ಳನ್ನು ನೋಡುವುದು ಬಿಟ್ಟು ಗಡಿಯಾರ ನೋಡತೊಡಗಿದಳು. ಮಾವ ಮಾತ್ರ ಸಮಾಧಾನದಲ್ಲಿದ್ದರು. ಕಾದು ಹೊರಟರೆ ಗಾಡಿ ಎಷ್ಟು ಚೆನ್ನಾಗಿ ಓಡುತ್ತದೆ ನೋಡು ಅಂದರು. ಅದೂ ಸುಳ್ಳಲ್ಲ.

ಆಮೇಲಿನದು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರ ಮನೆ. ಕ್ಯಾನ್ವಾಸ್ ಚೀಲ ಹೊಲಿದು ಮಾರುವವರು. ಅವರ ಯಂತ್ರ ಪೆಡಲು ತುಳಿದರೂ ಅಲ್ಲಾಡದೆ ಕೂತಿತ್ತು. ಸೊಸೆ ಮೇಲಿನ ತಗಡು ಬಿಚ್ಚಿದಳು. ಒಳಗೆಲ್ಲ ಕಪ್ಪು ಅಂಟು. ಏನು ಹಾಕಿದಿರಿ ಎಂದು ಕೇಳಿದಳು. ಕೇಳಬಾರದಿತ್ತು. ಅವರು ನಗುನಗುತ್ತಲೇ ಹೇಳಿದರು: ಸ್ಕೂಟರಿಗೆ ತಂದ ಆಯಿಲ್ ಉಳಿದಿತ್ತು, ನಿಮ್ಮ ಎಣ್ಣೆ ನೀರಿನ ಹಾಗೆ ಇರುತ್ತದಲ್ಲ, ದಪ್ಪನೆಯದು ಹಾಕಿದರೆ ಬಾಳಿಕೆ ಜಾಸ್ತಿ ಎಂದುಕೊಂಡೆ.

ಸೊಸೆ ತಲೆ ಎತ್ತಲಿಲ್ಲ. ಬೆನ್ನ ಹಿಂದೆ ಮಾವನ ಶೂಗಳು ಕರಕರ ಎಂದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಹಾಗೆ ಅವರು ಮಫ್ಲರು ಸರಿಮಾಡಿಕೊಂಡು ಹೊರಗೆ ನಡೆದರು. ಅವಳು ಸೀಮೆಎಣ್ಣೆಯಲ್ಲಿ ಅಂಟು ತೊಳೆದು, ತನ್ನ ಉದ್ದ ಮೂತಿಯ ಡಬ್ಬಿಯಿಂದ ತೆಳು ಎಣ್ಣೆ ಒಂದೊಂದೇ ಹನಿ ಬಿಟ್ಟು, ಯಂತ್ರವನ್ನು ತಿರುಗಿಸಿ ಕೊಟ್ಟು ಕಾರಿಗೆ ಬಂದಾಗ ಮಾವನ ಮುಖ ಊದಿಕೊಂಡಿತ್ತು.

"ಈ ನಾಟಕ ಬರೆದೋರು ಯಾರು, ನೀನಾ, ನಿಮ್ಮತ್ತೆನಾ?"

ಅವಳು ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಹೊಲಿಗೆ ಮಿಷನ್ನೇನು ಕಾಯುತ್ತದೆಯೇ, ಏರು ಹತ್ತುತ್ತದೆಯೇ, ಜನರನ್ನು ಹೊರುತ್ತದೆಯೇ, ಅದನ್ನು ತಂದು ಇಂಜಿನ್ನಿಗೆ ಗಂಟುಹಾಕಿದರೆ ತಾನು ಒಪ್ಪಲು ಕಿವಿಯಲ್ಲಿ ಹೂ ಇಟ್ಟುಕೊಂಡಿಲ್ಲ ಎಂದರು. ಅದೇನೋ ಸರಿಯೆಂದೇ ಅವಳಿಗೂ ತೋರಿತು. ಸಿಟ್ಟಿಗೆ ಮಾವ ಆ ಸಲ ಮುಳ್ಳು ಎದ್ದ ಮೇಲೂ ಇನ್ನಷ್ಟು ಹೊತ್ತು ಕಾಯಿಸಿದರು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ. ಬಂದೇಬಿಟ್ಟೆ ಎಂದಳು. ಸಿಗ್ನಲಿನಲ್ಲಿ ಮತ್ತೆ ಹೊಡೆದುಕೊಂಡಿತು. ಎತ್ತಲು ಧೈರ್ಯ ಬರಲಿಲ್ಲ.

ಆಸ್ಪತ್ರೆಯ ಬಟ್ಟೆ ವಿಭಾಗವೆಂದರೆ ನೆಲಮಾಳಿಗೆಯ ಉದ್ದನೆಯ ಕೋಣೆ. ಗೋಡೆಗೆ ಒರಗಿ ಹಾಸಿಗೆ ಬಟ್ಟೆಗಳ ಬೆಟ್ಟ, ಹಬೆಯ ವಾಸನೆ, ಬೆಳಕಿಂಡಿಯ ಕೆಳಗೆ ಮೂರು ಯಂತ್ರ. ಅಲ್ಲಿನ ಮೇಲ್ವಿಚಾರಕಿ ಮಾತು ತೂಗಿ ಆಡುವ ಹೆಂಗಸು. ಆಪರೇಷನ್ ಕೋಣೆಗೆ ಬೇಕಾದ ಗೌನುಗಳು ಹೊಲಿಗೆಗೆ ಕಾದಿದ್ದವು. ಹನ್ನೊಂದಕ್ಕೆ ಬರುತ್ತೇನೆಂದು ಸೊಸೆ ಮಾತು ಕೊಟ್ಟಿದ್ದಳು. ಮಾವ ಸೊಸೆ ಒಳಗೆ ಕಾಲಿಟ್ಟಾಗ ಕೆಟ್ಟ ಯಂತ್ರದ ಮುಂದೆ, ಹೊಳೆಯುವ ಹೊಸ ಪೆಟ್ಟಿಗೆ ತೆರೆದುಕೊಂಡು ಬೇರೆ ಒಬ್ಬ ರಿಪೇರಿಯವನು ಕೂತಿದ್ದ.

ಮೇಲ್ವಿಚಾರಕಿ ಬೈಯಲಿಲ್ಲ. "ಕಾದ್ವಿ. ಆಮೇಲೆ ಇವರನ್ನ ಕರೆದ್ವಿ" ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾವ ಗೋಡೆಯ ಗಡಿಯಾರ ನೋಡಿದರು. ತಮ್ಮ ಕೈಗಡಿಯಾರವನ್ನೂ ನೋಡಿದರು. ಎರಡೂ ಒಂದೇ ಸಾಕ್ಷಿ ಹೇಳಿದವು. ಎಷ್ಟಕ್ಕೆ ಬರುತ್ತೇನೆ ಅಂದಿದ್ದೆ ಎಂದು ಸೊಸೆಯನ್ನು ಮೆಲ್ಲಗೆ ಕೇಳಿದರು. ಹನ್ನೊಂದು ಎಂದಳು. ಅವರ ಮುಖ ನೋಡಿ ಅವಳಿಗೆ ತನ್ನ ಕೆಲಸ ಹೋದ ದುಃಖವೂ ಒಂದು ಗಳಿಗೆ ಮರೆತುಹೋಯಿತು. ಮಳೆ, ಪಂಕ್ಚರು, ಮೆರವಣಿಗೆ, ಯಾವುದಕ್ಕೂ ತಡಮಾಡದ ಡ್ರೈವರು, ತಪ್ಪು ಬಸ್ಸು ಹತ್ತಿ ಅರ್ಧ ದಾರಿಯಲ್ಲಿ ಎಚ್ಚರವಾದ ಪ್ರಯಾಣಿಕನ ಹಾಗೆ ನಿಂತಿದ್ದರು.

"ತಡ ಆಗಿದ್ದು ನನ್ನಿಂದಮ್ಮ" ಎಂದು ಮೇಲ್ವಿಚಾರಕಿಗೆ ಹೇಳಿದರು. "ಇವಳು ಹೊತ್ತಿಗೆ ಸರಿಯಾಗೇ ಹೊರಟಿದ್ದಳು."

ಮೇಲ್ವಿಚಾರಕಿಗೆ ಇವರು ಯಾರೆಂದೇ ಗೊತ್ತಿರಲಿಲ್ಲ. ಮೇಲಿಂದ ಕೆಳಗೆ ಒಮ್ಮೆ ನೋಡಿ, ಇನ್ನೊಂದು ಯಂತ್ರದ ಬೆಲ್ಟೂ ಜಾರುತ್ತಿದೆ, ಸೋಮವಾರ ಬರಲಿ, ಹೊತ್ತಿಗೆ ಬಂದರೆ ಸಾಕು ಎಂದಳು.

ಕಾರಿಗೆ ಬಂದು ಕೂತರು. ಸೊಸೆ ಕೀಲಿ ತಿರುಗಿಸಿದಳು. ಕಟಕಟ. ಕಲಿಸಿದ ಪಾಠದಂತೆ ಅವಳು ಕೈಕಟ್ಟಿ ಮುಳ್ಳನ್ನು ನೋಡುತ್ತ ಕೂತಳು.

"ಹೊರಡು" ಎಂದರು ಮಾವ.

"ಬಿಸಿ ಆಗ್ಲಿ ಮಾವ."

ಅವರು ಮುಳ್ಳಿನಿಂದ ಕಣ್ಣು ತೆಗೆದರು. ಎದುರಿನ ಗಾಜಿನಲ್ಲಿ ಯಾರೋ ರೋಗಿಯನ್ನು ಇಳಿಸಿ ಹೋದ ಆಟೋ, ಅದು ತಿರುಗಿದ ಮೇಲೆ ಖಾಲಿ ರಸ್ತೆ. ಆಮೇಲೆ ರಸ್ತೆಗೇ ಹೇಳುವಂತೆ ಹೇಳಿದರು.

"ನನ್ನ ಬಸ್ಸು ಬೆಳಗ್ಗೆ ಒಂದ್ಸಲ ಸ್ಟಾರ್ಟ್ ಆದ್ರೆ ರಾತ್ರಿನೇ ಆಫ್ ಆಗ್ತಿದ್ದಿದ್ದು. ನನ್ನ ಟೈಮು ಶುರು ಆಗೋದೇ ಇಂಜಿನ್ ಬಿಸಿ ಆದ್ಮೇಲೆ. ನಿಂದು ಕೀಲಿ ತಿರುಗಿಸಿದ ಕೂಡ್ಲೇ ಶುರು ಆಗತ್ತೆ, ಅದೂ ಮನೆಗೊಂದ್ಸಲ. ನನ್ನ ಎಣ್ಣೆಗೆ ಪುರಸೊತ್ತು ಬೇಕಮ್ಮ. ನಿನ್ನ ಕೆಲಸಕ್ಕೆ ಪುರಸೊತ್ತಿಲ್ಲ."

ಅವಳು ಗೇರು ಹಾಕಿ ಹೊರಟಳಷ್ಟೇ. ಹಿರಿಯರು ತಾವಾಗಿಯೇ ಇಳಿಯುತ್ತಿರುವಾಗ ಕೈ ಕೊಡಲು ಹೋಗಬಾರದು, ಬಿದ್ದರೂ ಅವರು ಕೈ ಕೊಟ್ಟವರನ್ನೇ ಬೈಯುತ್ತಾರೆ. ಒಂದು ತಿರುವು ಕಳೆದ ಮೇಲೆ ಮಾವ ಕೇಳಿದರು.

"ಆ ಗಾಳಿಯವನ ಗ್ಯಾರೇಜು ಇನ್ನೂ ಅಲ್ಲೇ ಇದೆಯಾ?"

ಕಿವಿ ಮೇಸ್ತ್ರಿ ಯಜಮಾನರನ್ನು ಕಂಡು, ಕೂತಿದ್ದ ಟೈರಿನಿಂದ ಎದ್ದು ನಿಂತ. ಮಾವ ಮಫ್ಲರು ಬಿಚ್ಚುತ್ತ, ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನು ಹಾಕು ಎಂದರು. ಈ ಬುದ್ಧಿ ತಮಗೆ ಹುಟ್ಟಿನಿಂದ ಇತ್ತು, ಇವತ್ತು ಹೇಳಲು ಪುರಸೊತ್ತಾಯಿತು ಎಂಬ ಧಾಟಿ. ಮೇಸ್ತ್ರಿ ಯಾಕೆ, ಏನು ಎಂದು ಕೇಳಲಿಲ್ಲ. ಕೇಳದಿರುವುದೂ ಒಂದು ವಿದ್ಯೆ. ಸೊಸೆ ನಿನ್ನೆ ಬಂದಿದ್ದಳು ಎಂಬುದನ್ನೂ ಅವನು ಬಾಯಿ ಬಿಡಲಿಲ್ಲ. ಕಾರಿನಡಿಗೆ ಟ್ರೇ ತಳ್ಳಿ ಬೋಲ್ಟು ಬಿಚ್ಚಿದ. ಇಂಜಿನ್ ಇನ್ನೂ ಬಿಸಿಯಾಗಿಯೇ ಇದ್ದರೂ ಲಾರಿಯ ಎಣ್ಣೆ ಗಂಭೀರವಾಗಿ, ಯಾರ ಹಂಗೂ ಇಲ್ಲದೆ, ಮಡಚಿಕೊಳ್ಳುತ್ತ ಇಳಿಯಿತು. ಮೂವರೂ ಬಗ್ಗಿ ಅದನ್ನು ನೋಡಿದರು.

ಗೆದ್ದ ಹುಮ್ಮಸ್ಸಿನಲ್ಲಿ ಸೊಸೆಯ ನಾಲಿಗೆ ಒಂದು ಹೆಜ್ಜೆ ಮುಂದೆ ಹೋಯಿತು. ತೆಳು ಎಣ್ಣೆಯೇ ಒಳ್ಳೆಯದು ಅನ್ನುವುದಾದರೆ ಮುಚ್ಚಳದಲ್ಲಿ ಬರೆದದ್ದಕ್ಕಿಂತ ಇನ್ನೂ ತೆಳುವಾದದ್ದು ಸಿಕ್ಕರೆ ಅದನ್ನೇ ಹಾಕಿಬಿಡಿ, ತನ್ನ ಯಂತ್ರಗಳೆಲ್ಲ ಅದರಲ್ಲೇ ಬಾಳುತ್ತಿವೆ ಎಂದಳು.

ಗಂಡಸರಿಬ್ಬರೂ ಒಟ್ಟಿಗೆ ಅವಳ ಕಡೆ ತಿರುಗಿದರು.

"ಇವಳಿಗೆ ನಾನು ಬೆಳಗ್ಗೆನೇ ಹೇಳಿದ್ದೆ, ಇದು ಹೊಲಿಗೆ ಮಿಷನ್ ಅಲ್ಲ ಅಂತ" ಎಂದು ಮಾವ ಮೇಸ್ತ್ರಿಗೆ ದೂರಿದರು. ಮೇಸ್ತ್ರಿ ತಲೆಯಾಡಿಸಿ, ಯಜಮಾನರು ಹೇಳಿದ್ದು ನೂರಕ್ಕೆ ನೂರು ನಿಜ ಎಂದ. ಕಾದ ಇಂಜಿನ್ನಿನಲ್ಲಿ ಎಣ್ಣೆ ಇನ್ನೂ ತೆಳುವಾಗುತ್ತದೆ, ಅತಿ ತೆಳುವಾದರೆ ನಡುವಿನ ಪೊರೆ ಹರಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ, ಆಗ ಯಜಮಾನರಿಗಿದ್ದ ಭಯವೇ ನಿಜವಾಗುತ್ತದೆ. ಬಸ್ಸಿನ ಇಂಜಿನ್ನಿಗೆ ಬಸ್ಸಿನದು, ಮಿಷನ್ನಿಗೆ ಮಿಷನ್ನಿನದು, ಇದಕ್ಕೆ ಇದರದು. ಹಾಗೆ ಹೇಳು ಎಂದರು ಮಾವ. ಅಲ್ಲವೇ ಮತ್ತೆ ಎಂದ ಮೇಸ್ತ್ರಿ. ಡಿಪೋ ಬಿಟ್ಟ ಮೇಲೆ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಅದೂ ಅವಳ ತಲೆಯ ಮೇಲೆ. ಸೊಸೆ ಬೈಸಿಕೊಳ್ಳುತ್ತ ನಕ್ಕಳು. ತಪ್ಪು ತನ್ನದೂ ಒಂದಿಷ್ಟು ಇದ್ದದ್ದರಿಂದ ಮಾವನಿಗೆ ದೊಡ್ಡ ಉಪಕಾರವೇ ಆಗಿತ್ತು, ಅವರ ಮುಖ ಬೆಳಗಿನಿಂದ ಮೊದಲ ಬಾರಿಗೆ ಅರಳಿತ್ತು.

ಹೊಸ ಎಣ್ಣೆ ಜೇನಿನ ಬಣ್ಣದ್ದು, ಸರಸರ ಎಂದು ಒಳಗೆ ಇಳಿಯಿತು. ಮೇಸ್ತ್ರಿ ಕಡ್ಡಿ ಅದ್ದಿ, ಎರಡು ಗುರುತುಗಳ ನಡುವೆ ನಿಂತದ್ದನ್ನು ಮಾವನಿಗೇ ಮೊದಲು ತೋರಿಸಿದ. ಮುಂದಿನ ಸಲ ಬದಲಾಯಿಸುವ ಹೊತ್ತಿಗೆ ಫೋನು ಯಾರಿಗೆ ಮಾಡಲಿ ಎಂದು ಕೇಳಿದ. ಮಾವ ಒಂದು ಗಳಿಗೆ ಟ್ರೇಯಲ್ಲಿ ತುಂಬಿದ್ದ ಕಪ್ಪು ಎಣ್ಣೆ ನೋಡಿದರು.

"ಅವಳಿಗೇ ಮಾಡು. ಓಡಿಸೋಳಿಗೆ ಗೊತ್ತಿರ್ಬೇಕು."

ಮಾರುವ ಮಾತನ್ನು ಮಾತ್ರ ಅವರು ಎತ್ತಲಿಲ್ಲ. ಮಾರುವುದಿಲ್ಲ ಎಂದೂ ಹೇಳಲಿಲ್ಲ. ಕೇಳಲು ಅವಳಿಗೂ ಬಾಯಿ ಬರಲಿಲ್ಲ. ಶುಕ್ರವಾರದ ಚಳಿಯಲ್ಲಿ ಕೀಲಿ ತಿರುಗಿಸಿದಾಗ ಇಂಜಿನ್ ಒಮ್ಮೆ ಕೆಮ್ಮಿದಂತೆ ಮಾಡಿ ಮೆತ್ತಗಾಯಿತು. ಶನಿವಾರ ಅದೂ ಇಲ್ಲ. ಹಿತ್ತಲಿನಿಂದ ಬ್ರಷ್ಷು ಕಚ್ಚಿಕೊಂಡು ಯಾರೂ ಬರಲಿಲ್ಲ. ಆದರೆ ಬ್ರೋಕರನಿಗೆ ಬರಬೇಡ ಎಂದು ಹೇಳಿದ ಸುದ್ದಿಯೂ ಇಲ್ಲ. ಅವಳು ಅತ್ತೆಯನ್ನು ಕೇಳಿದರೆ, ಗಂಡಸರ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯಲು ಅಲ್ಲಿ ಕಡ್ಡಿ ಅದ್ದಿ ನೋಡುವ ವ್ಯವಸ್ಥೆ ಇಲ್ಲ ಎಂದುಬಿಟ್ಟರು.

ಭಾನುವಾರ ಬ್ರೋಕರ್ ಬಂದ. ಟೈರು ಒದ್ದ, ಬಾಗಿಲು ತೆಗೆದು ಹಾಕಿದ, ಬಾನೆಟ್ ಎತ್ತಿಸಿದ, ಸ್ಟಾರ್ಟ್ ಮಾಡಿ ಎಂದ. ಸೊಸೆ ಕೀಲಿ ತಿರುಗಿಸಿದಳು. ಕೆಟ್ಟ ಇಂಜಿನ್ ಎಂದು ಕೇಳಿಕೊಂಡು ಬಂದವನು ಕಿವಿ ಬಗ್ಗಿಸಿ ನಿಂತ, ಮತ್ತೊಂದು ಕಿವಿಯನ್ನೂ ಬಗ್ಗಿಸಿದ. ಗಾಡಿ ಬಹಳ ಚೆನ್ನಾಗಿದೆ, ನಾಳೆಯೇ ಗಿರಾಕಿ ಕರೆತರುತ್ತೇನೆ ಎಂದ. ಸೊಸೆಗೆ ಇಂಜಿನ್ ಇನ್ನೊಂದು ಸಲ, ಒಂದೇ ಒಂದು ಸಲ ಕಟಕಟ ಅನ್ನಬಾರದೇ ಅನ್ನಿಸಿತು. ವಾಸಿಮಾಡಿದ್ದೇ ಮುಳುವಾಯಿತಲ್ಲ.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಗುಡ್ಡದ ಹಾಸ್ಟೆಲು. ಪರದೆಗಳನ್ನು ಹೊಲಿಯುವ ನಡುವೆ ಯಂತ್ರ ಸಿಕ್ಕಿಹಾಕಿಕೊಂಡಿದೆ, ಭಾನುವಾರವಾದರೂ ಬರಲು ಸಾಧ್ಯವೇ ಎಂದು. ಅವಳು ಮಾವನ ಮುಖ ನೋಡಿದಳು. ಮಾವ ಬಾನೆಟ್ ಇಳಿಸಿ, ಅಂಗೈಯಿಂದ ಒತ್ತಿ ಕೂರಿಸಿ, ಪಕ್ಕಕ್ಕೆ ಸರಿದರು. ಅವಳು ಚೀಲ ಒಳಗೆಸೆದು ಗೇರು ಹಾಕಿದಳು.

ಬ್ರೋಕರ್ ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿದ. ಇನ್ನೂ ಕೆಳಗೆ ಬಗ್ಗಿ ನೋಡಿಲ್ಲ, ಮಾತು ಮುಗಿದಿಲ್ಲ, ಮಾರುವ ಗಾಡಿ ಹೊರಟೇಹೋಯಿತಲ್ಲ, ಸ್ವಲ್ಪ ನಿಲ್ಲಲು ಹೇಳಿ ಎಂದ.

ಕಾರು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಮಾವ ಅದನ್ನೇ ನೋಡುತ್ತಿದ್ದರು.

"ನಿಲ್ಸೋಕಾಗಲ್ಲಪ್ಪ, ಬಾ, ಟೀ ಕುಡಿದು ಹೋಗು" ಎಂದು ಬ್ರೋಕರನ ಹೆಗಲ ಮೇಲೆ ಕೈ ಹಾಕಿದರು. "ಅವಳಿಗೆ ತಡ ಆಗತ್ತೆ."